ಹೊಸ ಒಕ್ಕಲುತನಕ್ಕೆ ಊರೇ ಬಂಡವಾಳ

ಹೊಲ ಇದ್ದವರಲ್ಲಿ ಅನೇಕರಿಗೆ ಅದನ್ನು ಮಾಡುವ ಶಕ್ತಿ ಉಳಿದಿಲ್ಲ. ಶಕ್ತಿ ಇದ್ದವರಲ್ಲಿ ಅನೇಕರಿಗೆ ಮಾಡಲು ಹೊಲ ಇಲ್ಲ. ನಮ್ಮ ಹಳ್ಳಿಗಳ ಒಕ್ಕಲುತನ ಇಂದು ಈ ಸ್ಥಿತಿಗೆ ಬಂದು ನಿಂತಿದೆ. ವಯಸ್ಸಾದ ತಂದೆ-ತಾಯಿ ಊರಲ್ಲಿದ್ದಾರೆ. ಮಕ್ಕಳು ಹುಬ್ಬಳ್ಳಿಯಲ್ಲಿಯೋ ಬೆಂಗಳೂರಿನಲ್ಲಿಯೋ ನೌಕರಿಗೆ ಹತ್ತಿದ್ದಾರೆ. ಹೊಲವನ್ನು ಬಾಯಿಮಾತಿನ ಲಾವಣಿಯ ಮೇಲೆ ಯಾರೋ ಮಾಡುತ್ತಾರೆ, ಇಲ್ಲವೆ ಅದು ಕರಕಿ ಹಬ್ಬಿ ಬೀಳು ಬಿದ್ದಿದೆ. ಅದೇ ಓಣಿಯ ಹುಡುಗನೊಬ್ಬ, ಮೈಯಲ್ಲಿ ಕಸುವು ಮನಸ್ಸಿನಲ್ಲಿ ಹುರುಪು ಇದ್ದವನು, ನಸುಕಿನಲ್ಲಿ ಬುತ್ತಿ ಕಟ್ಟಿಕೊಂಡು ಪಟ್ಟಣದ ಕಟ್ಟಡದ ಕೆಲಸಕ್ಕೆ ಬಸ್ಸು ಹತ್ತುತ್ತಾನೆ.

ಕಲಘಟಗಿ ತಾಲೂಕಿನ ದುಮ್ಮವಾಡದ ಸೀಮೆಯನ್ನೇ ನೋಡಿ. ಇದು ಅರೆಮಲೆನಾಡು. ಕೂರಿಗೆ ಭತ್ತ, ಗೋವಿನಜೋಳ, ಸೋಯಾಬೀನ್, ಹತ್ತಿ ಬೆಳೆಯುವ ನೆಲ. ಹುಬ್ಬಳ್ಳಿಗೆ ಕುಡಿಯುವ ನೀರು ಕೊಟ್ಟ ನೀರಸಾಗರ ಕೆರೆ ಇದೇ ಊರಿನ ಬದಿಗಿದೆ. ನೀರು ಹೋದ ದಾರಿಯಲ್ಲಿಯೇ ಈಗ ಸುತ್ತಿನ ಹಳ್ಳಿಗಳ ಹರೆಯದವರೂ ಹೋಗುತ್ತಿದ್ದಾರೆ. ಅವರನ್ನು ದೂರಿ ಫಲವಿಲ್ಲ. ಊರಲ್ಲಿ ಉಳಿದು ಒಕ್ಕಲುತನ ಮಾಡುತ್ತೇನೆ ಎಂದು ಒಬ್ಬ ಮುಂದೆ ಬಂದರೆ ಅವನಿಗೆ ನಾವು ಏನು ಕೊಡಬಲ್ಲೆವು? ಈ ಪ್ರಶ್ನೆಯನ್ನು ನಾವು ನಮಗೇ ಕೇಳಿಕೊಳ್ಳಬೇಕಾಗಿದೆ.

ಹೊಸ ಒಕ್ಕಲಿಗ ಎಂದರೆ ಪರಊರಿನಿಂದ ಬಂದವನೇ ಆಗಬೇಕೆಂದಿಲ್ಲ. ತಲೆಮಾರಿನಿಂದ ಇನ್ನೊಬ್ಬರ ಹೊಲದಲ್ಲಿ ಕೂಲಿ ಮಾಡಿ, ಎಲ್ಲ ಕೆಲಸ ಬಲ್ಲವನಾಗಿದ್ದರೂ ತನ್ನದೆಂಬ ಗುಂಟೆ ನೆಲವಿಲ್ಲದ ಮನೆಯ ಮಗ ಅವನು. ನಾಲ್ವರು ಅಣ್ಣತಮ್ಮಂದಿರ ಪಾಲಿನಲ್ಲಿ ಒಂದು ಎಕರೆ ಬಂದವನು ಅವನು. 2020ರಲ್ಲಿ ಕೊರೋನಾ ಕಾಲಕ್ಕೆ ಪಟ್ಟಣ ಬಿಟ್ಟು ಊರಿಗೆ ಬಂದು, ಇಲ್ಲಿಯೇ ಬೇರು ಬಿಡಬೇಕೆಂದಿರುವವನು ಅವನು. ಗಂಡ ತೀರಿದ ಮೇಲೆ ಕಮತ ತಾನೇ ನಡೆಸುತ್ತಿದ್ದರೂ ಉತಾರದಲ್ಲಿ ಹೆಸರಿಲ್ಲದ ಹೆಣ್ಣುಮಗಳೂ ಹೊಸ ಒಕ್ಕಲಿಗಳೇ. ಬಿತ್ತುವುದರಿಂದ ಹಿಡಿದು ರಾಶಿಯವರೆಗೆ ಅರ್ಧಕ್ಕಿಂತ ಹೆಚ್ಚು ಕೆಲಸ ಮಾಡುವ ಹೆಂಗಸರನ್ನು ನಾವು ರೈತರ ಲೆಕ್ಕದಲ್ಲಿ ಹಿಡಿಯದಿರುವುದು ನಮ್ಮ ದೊಡ್ಡ ಲೋಪವೆಂದು ಹೇಳಬೇಕಾಗಿದೆ.

ಇಂಥವರಿಗೆ ಮೊದಲ ವರ್ಷ ಬೇಕಾಗುವುದು ಐದು ವಸ್ತು: ನೆಲ, ಸಾಮಾನು, ಕೈಗಡ, ನೀರು, ತಿಳಿದವರ ಮಾತು. ಐದನ್ನೂ ಕೊಂಡು ಒಕ್ಕಲುತನಕ್ಕೆ ಇಳಿಯುತ್ತೇನೆಂದರೆ ಯಾವ ಬಡವನಿಂದಲೂ ಆಗದು. ಆದರೆ ಈ ಐದೂ ನಮ್ಮ ಊರಲ್ಲಿ ಇವೆ, ಚದುರಿ ಬಿದ್ದಿವೆ. ಕೂರಿಗೆ ವರ್ಷದಲ್ಲಿ ಕೆಲವೇ ದಿನ ದುಡಿದು ಉಳಿದ ದಿನ ಹಿತ್ತಲಲ್ಲಿ ಒರಗಿರುತ್ತದೆ. ಔಷಧ ಹೊಡೆಯುವ ಪಂಪು, ಮೇವು ಕತ್ತರಿಸುವ ಯಂತ್ರ, ರಾಶಿಗೆ ಹೊದಿಸುವ ತಾಡಪತ್ರಿ, ನೀರೆತ್ತುವ ಎಂಜಿನ್ನು ಇವುಗಳ ಕಥೆಯೂ ಇದೇ. ಮನೆಗೊಂದರಂತೆ ಕೊಂಡು ಸಾಲ ಮಾಡುವುದಕ್ಕಿಂತ ಓಣಿಗೊಂದು ಇಟ್ಟುಕೊಂಡು ಬಳಸುವುದು ಹಳಬರಿಗೂ ಲಾಭ, ಹೊಸಬರಿಗಂತೂ ಅದೇ ಆಧಾರ.

ಈ ವಿಚಾರ ನಮಗೆ ಹೊಸದೇನೂ ಅಲ್ಲ. ಒಂದೇ ಎತ್ತು ಇದ್ದವನು ಇನ್ನೊಂದು ಎತ್ತು ಇದ್ದವನ ಜೊತೆ ಕೂಡಿ ಜೋಡಿ ಕಟ್ಟುವುದು, ಇಂದು ನಿಮ್ಮ ಹೊಲಕ್ಕೆ ನಾವು ನಾಳೆ ನಮ್ಮ ಹೊಲಕ್ಕೆ ನೀವು ಎಂದು ಮುಯ್ಯಾಳು ಹೋಗುವುದು ನಮ್ಮ ಹಿರಿಯರು ನಡೆಸಿಕೊಂಡು ಬಂದ ಪದ್ಧತಿ. ಸಹಕಾರದ ಹುಟ್ಟೂ ನಮ್ಮ ಸೀಮೆಯಲ್ಲಿಯೇ ಆಯಿತು. ಇಂದು ಗದಗ ಜಿಲ್ಲೆಗೆ ಸೇರಿರುವ, 1997ರವರೆಗೆ ಧಾರವಾಡ ಜಿಲ್ಲೆಯದೇ ಆಗಿದ್ದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಸಹಕಾರಿ ಪತ್ತಿನ ಸಂಘ ಕಟ್ಟಿದರು. 1904ರ ಕಾಯ್ದೆಯಂತೆ ಹಳ್ಳಿಯ ಸಂಘಗಳಲ್ಲಿ ಸದಸ್ಯರ ಹೊಣೆಗೆ ಮಿತಿ ಇರಲಿಲ್ಲ. ಒಬ್ಬ ತಪ್ಪಿದರೆ ಉಳಿದವರೆಲ್ಲ ಹೊಣೆ. ಅಂದರೆ ಸಾಲಕ್ಕೆ ನಿಜವಾದ ಜಾಮೀನು ನೆರೆಹೊರೆಯವರ ನಂಬಿಕೆಯೇ ಆಗಿತ್ತು. ಇಂದಿನ ಸೊಸೈಟಿ ಹೊಸ ಒಕ್ಕಲಿಗನ ಮುಖ ನೋಡುವ ಮೊದಲು ಉತಾರ ಕೇಳುತ್ತದೆ. ಕಣಗಿನಹಾಳದವರು ಕಲಿಸಿದ ಪಾಠದಿಂದ ನಾವು ಎಷ್ಟು ದೂರ ಬಂದಿದ್ದೇವೆಂಬುದು ಇದರಿಂದ ತಿಳಿಯುತ್ತದೆ.

ಕೂಡಿ ಮಾಡುವುದೆಂದರೆ ಎಲ್ಲರ ಹೊಲವನ್ನೂ ಒಂದೇ ಮಾಡುವುದೆಂದು ಯಾರೂ ತಿಳಿಯಬಾರದು. 1959ರಲ್ಲಿ ನಾಗಪುರದ ಕಾಂಗ್ರೆಸ್ ಅಧಿವೇಶನ ಕೂಡು ಸಹಕಾರಿ ಬೇಸಾಯದ ಗೊತ್ತುವಳಿ ಮಾಡಿತು. ಒಡೆತನ ಕೈತಪ್ಪುತ್ತದೆಂಬ ಭಯ ರೈತರಲ್ಲಿ ಹುಟ್ಟಿ ಅದು ನೆಲಕ್ಕಿಳಿಯಲಿಲ್ಲ. ಕಟ್ಟಿದ ಸಂಘಗಳಲ್ಲಿ ಬಹಳಷ್ಟು ಕಾಗದದಲ್ಲಿಯೇ ಉಳಿದವು. ಆದುದರಿಂದ ಹೊಲ ಅವರವರದೇ ಇರಲಿ, ಬದು ಇದ್ದಲ್ಲಿಯೇ ಇರಲಿ. ಸಾಮಾನು, ನೀರು, ಆಳು, ಮಾರಾಟ ಇವು ಕೂಡಿ ಇರಲಿ ಎಂಬುದು ನಮ್ಮ ಅಭಿಪ್ರಾಯ.

ಇನ್ನು ಎಲ್ಲಕ್ಕಿಂತ ಬಿಗಿಯಾದ ಗಂಟು ನೆಲದ್ದು. ಇಲ್ಲಿ ಮುಚ್ಚುಮರೆ ಇಲ್ಲದೆ ಮಾತಾಡಬೇಕಾಗಿದೆ.

1961ರ ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸರ ಕಾಲದಲ್ಲಿ ಆದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಿತು. ನಮೂನೆ 7ರ ಅರ್ಜಿ ಕೊಟ್ಟ ಗೇಣಿದಾರರು ಭೂನ್ಯಾಯ ಮಂಡಳಿಯ ಮುಂದೆ ನಿಂತು ಉತ್ತ ಹೊಲದ ಒಡೆಯರಾದರು. ಅರ್ಜಿ ಕೊಡುವ ಕೊನೆಯ ದಿನ 1979ರ ಜೂನ್ 30ರವರೆಗೂ ಮುಂದುವರಿದಿತ್ತು. ಇಂದು ನಿಮ್ಮಲ್ಲಿ ಕೆಲವರು ಈ ಪುಟವನ್ನು ಸ್ವಂತ ಹೊಲದ ಒಡೆಯರಾಗಿ ಓದುತ್ತಿದ್ದರೆ ಅದಕ್ಕೆ ಆ ಕಾಯ್ದೆಯೇ ಕಾರಣ. ಅದರ ಉಪಕಾರವನ್ನು ಕಡಿಮೆ ಮಾಡಿ ಹೇಳುವವರು ಇತಿಹಾಸ ಅರಿಯದವರು.

ಅದೇ ಕಾಯ್ದೆ ಮುಂದೆ ಹೊಲವನ್ನು ಗೇಣಿಗೆ ಕೊಡುವುದನ್ನು, ಸೈನಿಕರಂಥ ಕೆಲವರನ್ನು ಬಿಟ್ಟು, ನಿಷೇಧಿಸಿತು. ಅಂದಿನ ಗೇಣಿದಾರನಿಗೆ ರಕ್ಷಣೆಯಾದ ಈ ಕಟ್ಟು ಮುಂದಿನ ತಲೆಮಾರಿನ ಭೂಹೀನನಿಗೆ ಅಡ್ಡಗೋಡೆಯಾಯಿತು. 2020ರಲ್ಲಿ ಕಾಯ್ದೆಗೆ ಮತ್ತೆ ತಿದ್ದುಪಡಿಯಾಯಿತು. ಒಕ್ಕಲುತನದ ಮನೆತನದವರಲ್ಲದವರೂ, ಎಷ್ಟೇ ವರಮಾನ ಇದ್ದವರೂ ಹೊಲ ಕೊಳ್ಳಬಹುದೆಂದಾಯಿತು. ಗೇಣಿಯ ಮೇಲಿನ ನಿಷೇಧವನ್ನು ಮಾತ್ರ ಆ ತಿದ್ದುಪಡಿ ತೆಗೆಯಲಿಲ್ಲ. ಹಣ ಇದ್ದವನಿಗೆ ಬಾಗಿಲು ತೆರೆಯಿತು; ಎರಡು ಕೈ ಮಾತ್ರ ಇದ್ದವನು ಹೊರಗೇ ಉಳಿದ.

ನಿಷೇಧವಿದ್ದರೂ ಲಾವಣಿ ನಿಂತಿಲ್ಲವೆಂಬುದು ನಿಮಗೆಲ್ಲ ಗೊತ್ತಿದ್ದ ಸಂಗತಿ. ಯುಗಾದಿಗೆ ಮಾತಾಗುತ್ತದೆ, ಹಣ ಕೈ ಬದಲಿಸುತ್ತದೆ, ಕಾಗದ ಮಾತ್ರ ಇರುವುದಿಲ್ಲ. ಕಾಗದವಿಲ್ಲದ್ದರಿಂದ ಆಗುವ ಅನ್ಯಾಯ ನೋಡಿ. ಬೆಳೆಸಾಲ ಉತಾರದ ಮೇಲೆ. 2023ರಲ್ಲಿ ಸಹಕಾರಿ ಸಂಘಗಳ ಬಡ್ಡಿಯಿಲ್ಲದ ಸಾಲದ ಮಿತಿಯನ್ನು ರಾಜ್ಯ ಸರಕಾರ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಿತು. ಲಾವಣಿದಾರನಿಗೆ ಅದು ದೂರದ ಬೆಟ್ಟ. ಬೆಳೆವಿಮೆಯೂ ಉತಾರದ ಮೇಲೆಯೇ. ಅದೇ 2023ರಲ್ಲಿ ರಾಜ್ಯದ 223 ತಾಲೂಕುಗಳು ಬರಪೀಡಿತವೆಂದು ಘೋಷಿತವಾದಾಗ ಪರಿಹಾರದ ಹಣ ಹೋದದ್ದು ಫ್ರೂಟ್ಸ್ ತಂತ್ರಾಂಶದಲ್ಲಿ ಹೆಸರಿದ್ದ ಹೊಲದ ಒಡೆಯರ ಖಾತೆಗೆ. ಬೀಜ-ಗೊಬ್ಬರಕ್ಕೆ ಕೈಸಾಲ ಮಾಡಿ, ಬಿತ್ತಿ, ಬೆಳೆ ಒಣಗಿದ್ದನ್ನು ಕಣ್ಣಾರೆ ಕಂಡವನು ಲಾವಣಿದಾರ. ಪರಿಹಾರ ಪಡೆದವನು ಇನ್ನೊಬ್ಬ. ಒಡೆಯ ಧರ್ಮವಂತನಾಗಿದ್ದರೆ ಅರ್ಧ ಕೊಟ್ಟಾನು, ಇಲ್ಲದಿದ್ದರೆ ಕೇಳಲು ಇವನಿಗೆ ಬಾಯಿ ಇಲ್ಲ.

ಒಡೆಯನ ಭಯವನ್ನೂ ನಾವು ಅರಿಯಬೇಕು. ಒಮ್ಮೆ ಹೊಲ ಬಿಟ್ಟುಕೊಟ್ಟರೆ ತಿರುಗಿ ಬಾರದೆಂಬ ಹೆದರಿಕೆ 1974ರಿಂದ ಮನೆಮನೆಗಳಲ್ಲಿ ಉಳಿದಿದೆ. ಅದಕ್ಕಾಗಿಯೇ ಹಲವರು ಹೊಲವನ್ನು ಬೀಳು ಬಿಡುತ್ತಾರೆ; ಕೊಟ್ಟವರೂ ಒಬ್ಬನೇ ಬೇರೂರದಿರಲೆಂದು ವರ್ಷಕ್ಕೊಬ್ಬನನ್ನು ಬದಲಿಸುತ್ತಾರೆ. ಒಂದೇ ವರ್ಷಕ್ಕೆ ಹೊಲ ಹಿಡಿದವನು ಒಡ್ಡು ಹಾಕಿಸುವನೇ? ಕೊಟ್ಟಿಗೆ ಗೊಬ್ಬರ ಹೇರುವನೇ? ಇದ್ದ ಸಾರ ಹಿಂಡಿಕೊಂಡು ಹೋಗುತ್ತಾನೆ. ಭಯ ಇಬ್ಬರದು, ಹಾಳಾಗುವುದು ನೆಲ.

ನೆರೆಯ ರಾಜ್ಯಗಳು ಈ ಗಂಟನ್ನು ಬಿಡಿಸಲು ಕೈಹಾಕಿವೆ. ಕೇರಳದಲ್ಲಿಯೂ ಗೇಣಿ ಪದ್ಧತಿ 1970ರ ಜನವರಿ 1ರಿಂದ ರದ್ದಾಗಿದೆ. ಆದರೂ 1998ರಲ್ಲಿ ಆರಂಭವಾದ ಕುಡುಂಬಶ್ರೀ ಯೋಜನೆಯ ಹೆಣ್ಣುಮಕ್ಕಳು 4ರಿಂದ 10 ಜನರ ಗುಂಪು ಕಟ್ಟಿ, ಗ್ರಾಮ ಪಂಚಾಯತಿಗಳ ಬೆಂಬಲದಿಂದ, ಬೀಳು ಬಿದ್ದ ಗದ್ದೆಗಳನ್ನು ಪಡೆದು ಭತ್ತ, ಬಾಳೆ, ಕಾಯಿಪಲ್ಲೆ ಬೆಳೆದರು. ಒಬ್ಬ ಲಾವಣಿದಾರನನ್ನು ನಂಬದ ಒಡೆಯ, ಊರೇ ಬಲ್ಲ ಗುಂಪನ್ನು ನಂಬಿದ. ಆಂಧ್ರಪ್ರದೇಶ 2011ರಲ್ಲಿ ಒಂದು, 2019ರಲ್ಲಿ ಇನ್ನೊಂದು ಕಾಯ್ದೆ ತಂದಿತು. ಎರಡನೆಯದರ ಪ್ರಕಾರ 11 ತಿಂಗಳ ಮಟ್ಟಿಗೆ ಸಾಗುವಳಿದಾರನಿಗೆ ಒಂದು ಪತ್ರ. ಹೊಲದ ಒಡೆತನಕ್ಕೆ ಅದರಿಂದ ಧಕ್ಕೆ ಇಲ್ಲ. ಬೆಳೆಸಾಲ, ವಿಮೆ, ಪರಿಹಾರಕ್ಕೆ ಮಾತ್ರ ಅದು ಆಧಾರ. ಅಲ್ಲಿಯೂ ಸಹಿ ಹಾಕಲು ಹಿಂಜರಿದ ಒಡೆಯರು ಬಹಳ. ಕಾಯ್ದೆಯೊಂದರಿಂದಲೇ ನಂಬಿಕೆ ಹುಟ್ಟದೆಂಬುದಕ್ಕೆ ಇದು ಸಾಕ್ಷಿ. 2016ರಲ್ಲಿ ನೀತಿ ಆಯೋಗ ಕೂಡ ಒಡೆಯನ ಹಕ್ಕು, ಮಾಡುವವನ ಹಿತ ಎರಡನ್ನೂ ಕಾಯುವ ಒಂದು ಮಾದರಿ ಕಾಯ್ದೆಯನ್ನು ರಾಜ್ಯಗಳ ಮುಂದಿಟ್ಟಿತು. ನಮ್ಮ ಶಾಸಕರು ಈ ವಿಷಯವನ್ನು ವಿಧಾನಸಭೆಯಲ್ಲಿ ಎತ್ತಬೇಕು. ಹೊಲದ ಮೇಲಿನ ಒಡೆತನ ಅಲುಗದಂತೆ, ಮೂರೋ ಐದೋ ವರ್ಷದ ಗೊತ್ತಾದ ಅವಧಿಗೆ ಸಾಗುವಳಿದಾರನಿಗೊಂದು ಪತ್ರ ದೊರೆಯಬೇಕು. ಬರ-ನೆರೆಯ ಪರಿಹಾರ ಬಿತ್ತಿದವನ ಕೈಗೆ ಸೇರಬೇಕು. ನಾವು ಕೇಳುತ್ತಿರುವುದು ಇಷ್ಟೇ.

ಕಾಯ್ದೆ ಬದಲಾಗುವವರೆಗೆ ಕೈಕಟ್ಟಿ ಕೂಡುವುದೇ? ಅದೂ ಸಲ್ಲದು. ಮುಂದಿನ ಮುಂಗಾರಿಯೊಳಗೆ ಊರವರೇ ಮಾಡಬಹುದಾದ ಕೆಲವು ಕೆಲಸಗಳನ್ನು ಇಲ್ಲಿ ಹೇಳುತ್ತೇವೆ. ಇವುಗಳಿಗೆ ಯಾವ ಕಾಯ್ದೆಯ ಅಡ್ಡಿಯೂ ಇಲ್ಲ.

ಮೊದಲನೆಯದು, ಸಾಮಾನಿನ ಕೂಟ. ದೊಡ್ಡ ಯಂತ್ರಗಳಿಗಾಗಿ ಸರಕಾರ 2014-15ರಿಂದ ಹೋಬಳಿ ಮಟ್ಟದಲ್ಲಿ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳನ್ನು ತೆರೆಯಿತು. ಆದರೆ ಹದ ಬಂದ ದಿನ ಎಲ್ಲರಿಗೂ ಒಮ್ಮೆಲೇ ಯಂತ್ರ ಬೇಕು. ನವಲಗುಂದ, ಅಣ್ಣಿಗೇರಿಯ ಎರಿ ಹೊಲದಲ್ಲಿ ಹದ ತಪ್ಪಿದರೆ ಬಿತ್ತಿಗೆಯೇ ತಪ್ಪಿತು. ಸರದಿಯಲ್ಲಿ ಕೊನೆಗೆ ಉಳಿಯುವವನು ಯಾವಾಗಲೂ ಎರಡು ಎಕರೆಯ ಬಡವನೇ. ಆದುದರಿಂದ ಕೂರಿಗೆ, ಎಡೆಕುಂಟಿ, ಪಂಪು, ತಾಡಪತ್ರಿಗಳಂಥ ಸಣ್ಣ ಸಾಮಾನುಗಳನ್ನು ಹತ್ತು ಮನೆಯವರು ಕೂಡಿ ಇಟ್ಟುಕೊಳ್ಳಿರಿ. ಸರದಿಯನ್ನು ರೋಹಿಣಿ ಮಳೆಗೆ ಮೊದಲೇ ಚೀಟಿ ಎತ್ತಿ ಗೊತ್ತು ಮಾಡಿರಿ. ಈ ವರ್ಷ ಕೊನೆಗೆ ಬಂದವನಿಗೆ ಮುಂದಿನ ವರ್ಷ ಮೊದಲ ಸರದಿ. ಹೊಸಬನಿಗೆ ಮೊದಲ ಎರಡು ವರ್ಷ ಬಾಡಿಗೆ ಅರ್ಧ. ಉಳಿದರ್ಧ ಮುಯ್ಯಾಳಿನಲ್ಲಿ ತೀರಿಸಲಿ. ಮುರಿದ ಸಾಮಾನು ಯಾರು ರಿಪೇರಿ ಮಾಡಿಸಬೇಕೆಂಬುದನ್ನು ಮೊದಲೇ ಬರೆದಿಡಿರಿ. ಕೂಟಗಳು ಒಡೆಯುವುದು ದೊಡ್ಡ ಮಾತಿಗಲ್ಲ, ಮುರಿದ ಒಂದು ತಾಳಿನ ಸಲುವಾಗಿ.

ಎರಡನೆಯದು, ನೀರು. ಹೊಸಬನು ಮೊದಲ ವರ್ಷವೇ ಸಾಲ ಮಾಡಿ ಕೊಳವೆ ಬಾವಿ ಕೊರೆಸುವುದು ಜೂಜು. ಕಲಘಟಗಿ ತಾಲೂಕಿನ ಸೂರಶೆಟ್ಟಿಕೊಪ್ಪದ ಕಡೆ ಬೈಫ್ ಸಂಸ್ಥೆಯವರ ನೆರವಿನಿಂದ ರೈತರು ಹೊಲದಿಂದ ಹೊಲಕ್ಕೆ ಕೃಷಿಹೊಂಡಗಳ ಸರಣಿ ಮಾಡಿಕೊಂಡರು. ಮೇಲಿನ ಹೊಂಡ ತುಂಬಿ ಹರಿದ ನೀರು ಕೆಳಗಿನ ಹೊಂಡಕ್ಕೆ. ಹೊಂಡದ ಬದುವಿನ ಮೇಲೆ ಗಿಡಮರ. ಒಬ್ಬನ ಹೊಲದ ನೀರು ಇನ್ನೊಬ್ಬನ ಹೊಲ ಕೊರೆದುಕೊಂಡು ಹಳ್ಳಕ್ಕೆ ಹೋಗುವ ಬದಲು ಇಬ್ಬರ ನೆಲದಲ್ಲಿಯೂ ಇಂಗಿತು. ಹೊಂಡ ಅವರವರದು, ನೀರಿನ ದಾರಿ ಎಲ್ಲರದು.

ಮೂರನೆಯದು, ಗುಂಪು ಮತ್ತು ಕೈಗಡ. ನಬಾರ್ಡ್ ರೂಪಿಸಿದ ಜಂಟಿ ಬಾಧ್ಯತಾ ಗುಂಪಿನ ಪದ್ಧತಿಯಲ್ಲಿ 4ರಿಂದ 10 ಜನ ಒಬ್ಬರಿಗೊಬ್ಬರು ಹೊಣೆಯಾಗಿ ನಿಂತರೆ ಅಡವು ಇಲ್ಲದೆ ಬ್ಯಾಂಕಿನಿಂದ ಸಾಲ ಪಡೆಯಲು ಅವಕಾಶವಿದೆ. 2012ರಲ್ಲಿ ಪರಿಷ್ಕರಿಸಿದ ಕಿಸಾನ್ ಕ್ರೆಡಿಟ್ ಕಾರ್ಡಿನ ನಿಯಮಗಳಲ್ಲಿಯೂ ಲಾವಣಿದಾರರ ಮತ್ತು ಪಾಲಿಗೆ ಮಾಡುವವರ ಹೆಸರಿದೆ. ಬ್ಯಾಂಕಿನವರು ಉತ್ಸಾಹ ತೋರದಿದ್ದರೆ ಒಬ್ಬೊಬ್ಬರಾಗಿ ಹೋಗಿ ಬರಿಗೈಯಲ್ಲಿ ತಿರುಗಬೇಡಿರಿ. ಆರು ತಿಂಗಳು ಕೂಡಿ ಉಳಿತಾಯ ಮಾಡಿದ ಲೆಕ್ಕದ ಪುಸ್ತಕ ಹಿಡಿದು, ಸೊಸೈಟಿಯ ಹಿರಿಯರನ್ನು ಕರೆದುಕೊಂಡು ಗುಂಪಾಗಿ ಹೋಗಿರಿ.

ನಾಲ್ಕನೆಯದು, ಮನೆಯೊಳಗಿನ ನೆಲ. ಲಾವಣಿಗೆ ಕಾಯ್ದೆಯ ಅಡ್ಡಿ ಇರಬಹುದು, ಸ್ವಂತ ಮಗನಿಗೆ, ತಮ್ಮನಿಗೆ, ಸೊಸೆಗೆ ಯಾವ ಅಡ್ಡಿ ಇದೆ? ಐದು ಎಕರೆ ಕಮತದಲ್ಲಿ ಒಂದು ಎಕರೆಯನ್ನು ಹರೆಯದವರ ಕೈಗೆ ಬಿಡಿರಿ. ಏನು ಬಿತ್ತಬೇಕೆಂಬುದನ್ನು ಅವರೇ ಗೊತ್ತುಮಾಡಲಿ. ಮಾರಿದ ಹಣ ಅವರ ಖಾತೆಗೇ ಬರಲಿ. ಹಣದ ಮುಖ ಕಾಣದೆ ಅಪ್ಪನ ಹೊಲದಲ್ಲಿ ಬರಿ ಆಳಾಗಿ ದುಡಿಯುವ ಹುಡುಗ ಪಟ್ಟಣದ ದಾರಿ ಹಿಡಿದರೆ ಅದರಲ್ಲಿ ಆಶ್ಚರ್ಯವೇನು?

ಐದನೆಯದು, ಕಲಿಕೆ. ಒಡೆಯ ತನ್ನ ಮೇಲ್ವಿಚಾರಣೆಯಲ್ಲಿ ನಗದು ಇಲ್ಲವೆ ಗೊತ್ತಾದ ಕಾಳಿನ ಕೂಲಿ ಕೊಟ್ಟು ಮಾಡಿಸಿದರೆ ಅದನ್ನು ಕಾಯ್ದೆ ಸ್ವಂತ ಸಾಗುವಳಿಯೆಂದೇ ಹಿಡಿಯುತ್ತದೆ. ಬೆಳೆಯ ಪಾಲು ಕೊಟ್ಟರೆ ಮಾತ್ರ ಹಾಗಲ್ಲ. ಆದುದರಿಂದ ವಯಸ್ಸಾದ ಒಕ್ಕಲಿಗರು ಹೊಸ ಹುಡುಗನೊಬ್ಬನನ್ನು ನ್ಯಾಯವಾದ ಕೂಲಿಯ ಮೇಲೆ ಎರಡು ವರ್ಷ ಜೊತೆಗಿಟ್ಟುಕೊಂಡು ಕಲಿಸಬಹುದು. ಹದ ನೋಡುವುದು, ಬೀಜ ಆರಿಸುವುದು, ಕೂರಿಗೆಯ ತಾಳು ಎಷ್ಟು ಆಳ ಇಳಿಯಬೇಕೆಂಬುದು ಪುಸ್ತಕದಿಂದ ಬರುವ ವಿದ್ಯೆಯಲ್ಲ. ಪುಸ್ತಕದಿಂದ ಬರುವ ವಿದ್ಯೆಗೆ ಹೋಬಳಿಯ ರೈತ ಸಂಪರ್ಕ ಕೇಂದ್ರ, ಧಾರವಾಡದ ಸೈದಾಪುರದಲ್ಲಿರುವ ಕೃಷಿ ವಿಜ್ಞಾನ ಕೇಂದ್ರ, 1986ರಲ್ಲಿ ಸ್ಥಾಪಿತವಾದ ಕೃಷಿ ವಿಶ್ವವಿದ್ಯಾಲಯ ನಮ್ಮ ಹತ್ತಿರದಲ್ಲಿಯೇ ಇವೆ.

ಹೊಸದಾಗಿ ಇಳಿಯುವವರಿಗೂ ಎರಡು ಮಾತು. ಒಂದೆರಡು ಎಕರೆಯಿಂದ ಆರಂಭಿಸಿರಿ. ಇದ್ದ ನೆಲಕ್ಕೆಲ್ಲ ಒಂದೇ ಬೆಳೆ ಹಾಕಬೇಡಿರಿ. ಎರಿ ಹೊಲದಲ್ಲಾದರೆ ಮುಂಗಾರಿಗೆ ಹೆಸರು, ಅದರ ಹಿಂದೆ ಹಿಂಗಾರಿಗೆ ಕಡಲೆ ಇಲ್ಲವೆ ಬಿಳಿಜೋಳ ಹಳೆಯ ನಂಬಿಗಸ್ತ ಜೋಡಿ. ಹೆಸರು ಎರಡೂವರೆ ತಿಂಗಳೊಳಗೆ ಕೈಗೆ ಬಂದು ಮೊದಲ ಹಣ ಕೊಡುತ್ತದೆ, ಭೂಮಿಗೆ ಸಾರವನ್ನೂ ಕೊಡುತ್ತದೆ. ಅರೆಮಲೆನಾಡಿನಲ್ಲಾದರೆ ಗೋವಿನಜೋಳ, ಸೋಯಾಬೀನ್‌ಗಳ ಜೊತೆ ಮನೆಯ ಊಟಕ್ಕಾಗುವಷ್ಟು ಭತ್ತ, ಬದುವಿಗೆ ಮೇವು ಇರಲಿ. ಖರ್ಚು-ಉತ್ಪನ್ನದ ಲೆಕ್ಕ ದಿನದಿನಕ್ಕೆ ಬರೆದಿಡಿರಿ. ಎರವಲು ತಂದ ಕುಂಟಿಯನ್ನು ತೊಳೆದು ತಿರುಗಿ ಕೊಡಿರಿ. ನಿಮ್ಮ ಪತ್ತು ಅಲ್ಲಿಂದಲೇ ಬೆಳೆಯುತ್ತದೆ.

ವಾಚನಾಲಯದಲ್ಲಿ ಕುಳಿತು ಈ ಪುಟ ಓದುವ ಹಿರಿಯರಲ್ಲಿ ನಮ್ಮ ವಿನಂತಿ ಇಷ್ಟು. ಎತ್ತಿನ ಕೊರಳಿಗೆ ನೊಗ ಕಟ್ಟದ ಒಂದು ಸೋಮವಾರ ಹತ್ತು ಮಂದಿ ಕೂಡಿರಿ; ಹೆಣ್ಣುಮಕ್ಕಳನ್ನೂ, ಕೂಲಿಕಾರರ ಓಣಿಯ ಹುಡುಗರನ್ನೂ ಕರೆಯಿರಿ. ಮೂರು ಹಾಳೆ ತೆಗೆದುಕೊಳ್ಳಿರಿ. ಒಂದರಲ್ಲಿ ಊರಲ್ಲಿ ಬೀಳು ಬಿದ್ದ ಹೊಲಗಳನ್ನು, ಇನ್ನೊಂದರಲ್ಲಿ ಹಿತ್ತಲಲ್ಲಿ ಒರಗಿದ ಸಾಮಾನುಗಳನ್ನು, ಮೂರನೆಯದರಲ್ಲಿ ಒಕ್ಕಲುತನ ಮಾಡುವ ಮನಸ್ಸಿದ್ದೂ ಆಧಾರವಿಲ್ಲದವರ ಹೆಸರುಗಳನ್ನು ಬರೆಯಿರಿ. ಮೂರೂ ಹಾಳೆಗಳನ್ನು ಪಕ್ಕಪಕ್ಕಕ್ಕೆ ಇಟ್ಟು ಓದಿದರೆ ನಿಮ್ಮ ಊರಲ್ಲಿ ಕೊರತೆ ಇರುವುದು ಯಾವುದರದೆಂದು ತಿಳಿದೀತು. ಸರಕಾರಕ್ಕೆ ಬರೆಯುವ ಅರ್ಜಿ ಆಮೇಲೆ ಬರೆಯೋಣ. ಅದಕ್ಕಿಂತ ಮೊದಲು ಒಬ್ಬನಿಗೆ ಒಂದು ಕೂರಿಗೆ, ಒಂದು ದಿನದ ಮುಯ್ಯಾಳು, ಒಂದು ಚೀಲ ಬೀಜ ಕೊಟ್ಟು ನೋಡೋಣ. ಮುಂದಿನ ರೋಹಿಣಿ ಮಳೆಗೆ ನಿಮ್ಮ ಊರಲ್ಲಿ ಒಂದು ಹೊಸ ಕಮತ ಹೂಡಿದರೆ, ಈ ಪುಟ ಓದಿದ್ದು ಸಾರ್ಥಕವಾಯಿತೆಂದು ತಿಳಿಯಿರಿ.